20 ವರ್ಷ ಮರಗೆಲಸ ಮಾಡಿ ಈಗ ಡಿಸೈನ್ ಓದುತ್ತಿರುವವರು ತಮ್ಮದೇ ಛಾಪು ಕಂಡುಕೊಳ್ಳುವುದು ಹೇಗೆ?

ಹೊಸ ಶೈಲಿ ಹುಡುಕುವ ಮೊದಲು ಕೈಯಲ್ಲಿ ಈಗಾಗಲೇ ಇರುವುದನ್ನು ನೋಡಿ. ಹಳೆಯ ಕೆಲಸಗಳಲ್ಲಿ 15ನ್ನು ಆರಿಸಿ, ಒಂದೇ ಬೆಳಕು, ಒಂದೇ ಹಿನ್ನೆಲೆಯಲ್ಲಿ ಫೋಟೊ ತೆಗೆದು, ಕಪ್ಪುಬಿಳುಪಿನಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ಬಣ್ಣ ಹೋದರೆ ಆಕಾರ, ಅಂಚು ಎದ್ದು ಕಾಣುತ್ತವೆ. ಗಿರಾಕಿ ಕೇಳದಿದ್ದರೂ ನೀವಾಗಿಯೇ ಮತ್ತೆ ಮತ್ತೆ ಮಾಡಿದ್ದೇನು? ಕೆಳಗೆ ಸಪೂರವಾಗುವ ಕಾಲೇ, ಕಾಣುವಂತೆ ಬಿಟ್ಟ ಜೋಡಣೆಯೇ, ಅಂಚಿನ ಇಳಿಜಾರೇ? ಗುರುತು ಹಾಕಿ.

ಅದರಲ್ಲಿ ಒಂದನ್ನು ಹಿಡಿದು 10 ತುಣುಕು ಮಾಡಿ, ಪ್ರತಿ ಸಲ ಒಂದೇ ಸಂಗತಿ ಬದಲಿಸಿ. ಮೇಜಿನ ಹಲಗೆಯ ಕೆಳ ಅಂಚನ್ನು 2 ಮಿ.ಮೀ. ಓರೆಯಾಗಿ ಹೆರೆದರೆ ಬರೀ ಒಂದು ನೆರಳಿನ ಗೆರೆ. 12ಕ್ಕೆ ಹೋದರೆ ದಪ್ಪ ಹಲಗೆಯೂ ತೆಳುವಾಗಿ ತೇಲಿದಂತೆ ಕಾಣುತ್ತದೆ.

ನುರಿತವರು ಎಡವುವುದು ಬೇರೆ ಕಡೆ. ಮೊದಲ ಯೋಚನೆಯನ್ನೇ ಕೈ ಎಷ್ಟು ಅಂದವಾಗಿ ಮುಗಿಸುತ್ತದೆಂದರೆ, ಆ ಯೋಚನೆ ಸಾಧಾರಣದ್ದು ಎಂಬುದೇ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಹೊಸ ಪ್ರಾಜೆಕ್ಟಿನ ಮೊದಲ ವಾರ ಮರ ಮುಟ್ಟಬೇಡಿ. ರಟ್ಟಿನಲ್ಲಿ 1:5 ಅಳತೆಯ (ನಿಜ ಗಾತ್ರದ ಐದನೇ ಒಂದರಷ್ಟು) ಮಾದರಿ ಮಾಡಿ, ಒಂದಕ್ಕೆ 20 ನಿಮಿಷ ಮಾತ್ರ.

ಸಹಪಾಠಿಗಳ ಕಂಪ್ಯೂಟರ್ ಚಿತ್ರಗಳಿಗೆ ಕಂಗೆಟ್ಟು ಕಸುಬನ್ನು ಬದಿಗಿಡಲೂಬೇಡಿ. ವಾಸ್ತುಶಿಲ್ಪ ಓದಿದ್ದ ಅಮೆರಿಕದ ಪೀಠೋಪಕರಣ ತಯಾರಕ ಜಾರ್ಜ್ ನಕಾಶಿಮ ಹಲಗೆಯ ಬಿರುಕನ್ನು ಮರೆಮಾಚದೆ, ಚಿಟ್ಟೆಯಾಕಾರದ ಬೆಣೆ ಕೂರಿಸಿ ಕಾಣುವಂತೆಯೇ ಬಿಟ್ಟರು; ಅದೇ ಅವರ ಗುರುತಾಯಿತು.

ಪ್ರತಿ ಮಾದರಿಯಲ್ಲಿ ಏನನ್ನು ಕೈಬಿಟ್ಟಿರಿ, ಏಕೆ ಎಂದು ಎರಡು ಸಾಲು ಬರೆದಿಡಿ. ‘ಕೈಗೆ ಹಾಗೆ ಬಂತು’ ಎಂಬ ಉತ್ತರವನ್ನು ಮೌಲ್ಯಮಾಪಕರು ಒಪ್ಪುವುದು ಕಷ್ಟ.