ಥಾಯ್ಲೆಂಡ್‌ನಲ್ಲಿ ಬಾಡಿಗೆ ಸ್ಕೂಟರ್ ಓಡಿಸುವಾಗ ಪೊಲೀಸರು ಹಿಡಿದರೆ ಏನು ಮಾಡಬೇಕು? ನಮ್ಮ ಡಿಎಲ್ ನಡೆಯುತ್ತಾ?

ನೀವು ಕೇಳಿರುವುದು ಇಷ್ಟು: ಮೂವರು ಸ್ನೇಹಿತರು ಫುಕೆಟ್, ಚಿಯಾಂಗ್ ಮಾಯ್ ಕಡೆ ಹೊರಟಿದ್ದೀರಿ. ಅಲ್ಲಿ ಸ್ಕೂಟರ್ ಬಾಡಿಗೆಗೆ ತಗೋಬೇಕು ಅಂತಿದೆ. ನಮ್ಮ ಡಿಎಲ್ ಕಾರ್ಡ್ ಸಾಕಾ, ಪೊಲೀಸರು ಹಿಡಿದರೆ ಎಷ್ಟು ಕೊಟ್ಟು ಬಿಡಿಸಿಕೊಳ್ಳಬೇಕು ಅನ್ನೋದು ಪ್ರಶ್ನೆ.

ನಾನು ಕೆಲಸದ ಮೇಲೆ ಎರಡು ವರ್ಷ ಚಿಯಾಂಗ್ ಮಾಯ್‌ನಲ್ಲಿದ್ದೆ. ಅಷ್ಟರಲ್ಲಿ ನನ್ನನ್ನು ಐದು ಸಲ ನಿಲ್ಲಿಸಿದ್ದಾರೆ. ಒಂದು ಸಲ ದಂಡ ಕಟ್ಟಿದೆ. ಒಂದು ಸಲ ಲಂಚ ಕೇಳಿದರು. ಉಳಿದ ಮೂರು ಸಲ ಕಾಗದ ನೋಡಿ ಕಳಿಸಿದರು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಡಿಎಲ್ ಕಾರ್ಡ್ ಒಂದೇ ಸಾಲದು, ಅದರ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ ಬೇಕು. ಅದರಲ್ಲೂ ಬೈಕಿನ ವರ್ಗ ಇರಲೇಬೇಕು. ಪೊಲೀಸರ ದಂಡಕ್ಕೆ ಹೆದರಿ ಈ ಮಾತು ಹೇಳುತ್ತಿಲ್ಲ. ದಂಡ ಚಿಕ್ಕದು. ನಾನು ಹೆದರುವುದು ಆಸ್ಪತ್ರೆ ಬಿಲ್ಲಿಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಸಲ ಹಿಡಿದದ್ದು 2024ರ ಜನವರಿಯಲ್ಲಿ. ಚಿಯಾಂಗ್ ಮಾಯ್‌ನ ಹಳೇ ಊರಿನ ಸುತ್ತ ಚೌಕಾಕಾರದ ಕಂದಕ ಇದೆ. ಅದರ ಒಳಬದಿಗೊಂದು, ಹೊರಬದಿಗೊಂದು ಒನ್‌ವೇ ರಸ್ತೆ. ಒಮ್ಮೆ ಆ ರಸ್ತೆಗೆ ಇಳಿದರೆ ಹಿಂದೆ ತಿರುಗುವ ಹಾಗಿಲ್ಲ. ಪೊಲೀಸರು ನಿಲ್ಲುವುದೂ ಅಲ್ಲೇ. ಬೆಳಗ್ಗೆ ಹತ್ತೂವರೆ ಇರಬೇಕು, ಥಾ ಪೇ ಗೇಟ್ ದಾಟಿ ಬರುತ್ತಿದ್ದೆ. ಕಿತ್ತಳೆ ಬಣ್ಣದ ಕೋನ್‌ಗಳು, ಒಂದು ಬೋರ್ಡು, ಬಿಳಿ ಹೆಲ್ಮೆಟ್ ಹಾಕಿಕೊಂಡ ಇಬ್ಬರು. ಕೈ ತೋರಿಸಿ ಪಕ್ಕಕ್ಕೆ ಕರೆದರು. ನಾನು ಹೆಲ್ಮೆಟ್ ಹಾಕಿದ್ದೆ, ನಿಧಾನಕ್ಕೇ ಬರುತ್ತಿದ್ದೆ. ಏನೂ ಆಗಲ್ಲ ಅಂದುಕೊಂಡಿದ್ದೆ.

"ಲೈಸೆನ್ಸ್" ಅಂದರು. ಮೈಸೂರು ಆರ್‌ಟಿಒ ಕೊಟ್ಟ ಕಾರ್ಡ್ ತೆಗೆದು ಕೊಟ್ಟೆ. ಆ ಪೊಲೀಸ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ "ಇಂಟರ್‌ನ್ಯಾಷನಲ್?" ಅಂತ ಕೇಳಿದರು. ಇಲ್ಲ ಅಂದೆ. ಬೈಯಲಿಲ್ಲ, ಗದರಿಸಲಿಲ್ಲ. ಲ್ಯಾಮಿನೇಟ್ ಮಾಡಿದ ಒಂದು ಹಾಳೆ ತೋರಿಸಿದರು. ಅದರಲ್ಲಿ ಯಾವ ತಪ್ಪಿಗೆ ಎಷ್ಟು ದಂಡ ಅಂತ ಇಂಗ್ಲಿಷಿನಲ್ಲೂ ಇತ್ತು. ನನ್ನದು 500 ಬಾತ್, ಆಗಿನ ಲೆಕ್ಕದಲ್ಲಿ ಸುಮಾರು 1,200 ರೂಪಾಯಿ. ಮರದ ಕೆಳಗೆ ಮಡಚುವ ಮೇಜು ಹಾಕಿಕೊಂಡು ಇನ್ನೊಬ್ಬರು ಕೂತಿದ್ದರು. ಅಲ್ಲಿ ದುಡ್ಡು ಕೊಟ್ಟೆ. ಕಾರ್ಬನ್ ಇಟ್ಟು ರಸೀದಿ ಬರೆದು ಹರಿದು ಕೊಟ್ಟರು. ಅದರ ಮೇಲಿದ್ದ ಇಸವಿ 2567. ಥಾಯ್ ಜನ ಬುದ್ಧ ಶಕೆ ಎಣಿಸುತ್ತಾರೆ, ನಮ್ಮ ಇಸವಿಗೆ 543 ಸೇರಿಸಬೇಕು. ಗೊತ್ತಿಲ್ಲದೆ ಒಂದು ನಿಮಿಷ ಅದು ನಕಲಿ ರಸೀದಿ ಅಂತಲೇ ಅಂದುಕೊಂಡಿದ್ದೆ. ನಿಮಗೂ ಹಾಗೆ ಬರೆದು ಕೊಟ್ಟರೆ ಗಾಬರಿ ಬೇಡ.

ವಿದೇಶಿಯರನ್ನೇ ಹುಡುಕಿ ಹಿಡಿಯುತ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ಪ್ರವಾಸಿಗರು ಓಡಾಡುವ ರಸ್ತೆಯಲ್ಲಿ, ಪ್ರವಾಸಿಗರು ಓಡಾಡುವ ಹೊತ್ತಿಗೆ ನಿಂತರೆ ಸಿಗುವವರು ಅವರೇ ಅಲ್ವಾ. ಆದರೆ ಅವತ್ತು ಆ ಮೇಜಿನ ಮುಂದೆ ನನ್ನ ಹಿಂದೆ ನಿಂತಿದ್ದವರಲ್ಲಿ ಯೂನಿಫಾರ್ಮ್ ಹಾಕಿದ ಇಬ್ಬರು ಥಾಯ್ ಕಾಲೇಜು ಹುಡುಗಿಯರೂ ಇದ್ದರು, ಹೆಲ್ಮೆಟ್ ಇರಲಿಲ್ಲ. ಅವರೂ ಕಟ್ಟಿದರು. ಬಿಳಿಯರನ್ನು ಅಲ್ಲಿ ಫರಾಂಗ್ ಅನ್ನುತ್ತಾರೆ, ನಮ್ಮಂಥವರನ್ನು ಖ್ಯಾಕ್ ಅನ್ನುತ್ತಾರೆ. ಆ ಪದಕ್ಕೆ ಅತಿಥಿ ಅನ್ನೋ ಅರ್ಥವೂ ಇದೆ. ದಂಡದ ವಿಷಯದಲ್ಲಿ ನನಗೆ ಭೇದ ಕಾಣಿಸಲಿಲ್ಲ.

ದಂಡಗಳ ಬಗ್ಗೆ ಎರಡು ಮಾತು. 1979ರ ರಸ್ತೆ ಸಂಚಾರ ಕಾಯ್ದೆಗೆ ಮಾಡಿದ ತಿದ್ದುಪಡಿ 2022ರ ಸೆಪ್ಟೆಂಬರ್ 5ರಿಂದ ಜಾರಿಗೆ ಬಂತು. ಹೆಲ್ಮೆಟ್ ಇಲ್ಲದಿದ್ದರೆ ಮೊದಲು ಹೆಚ್ಚೆಂದರೆ 500 ಬಾತ್ ಇತ್ತು, ಈಗ 2,000 ತನಕ ಹಾಕಬಹುದು. ಹಿಂದೆ ಕೂತವರು ಹಾಕದಿದ್ದರೂ ಓಡಿಸುವವರೇ ಕಟ್ಟಬೇಕು, ಅದೂ ಎರಡರಷ್ಟು. ಕೆಂಪು ಸಿಗ್ನಲ್ ಹಾರಿದರೆ, ಅತಿ ವೇಗಕ್ಕೆ, ಜೀಬ್ರಾ ಕ್ರಾಸಿಂಗ್‌ನಲ್ಲಿ ನಿಲ್ಲದಿದ್ದರೆ 4,000 ತನಕ. ಇವೆಲ್ಲ ಗರಿಷ್ಠ ಮೊತ್ತ. ರಸ್ತೆ ಬದಿಯಲ್ಲಿ ಹಾಕುವುದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ.

ಕುಡಿದು ಓಡಿಸುವುದು ಮಾತ್ರ ಬೇರೆಯೇ ಕಥೆ. ಅದಕ್ಕೆ ಅಲ್ಲೇ ದಂಡ ಕಟ್ಟಿ ಹೋಗುವ ದಾರಿ ಇಲ್ಲ, ಠಾಣೆಗೆ ಕರೆದುಕೊಂಡು ಹೋಗುತ್ತಾರೆ, ಆಮೇಲೆ ಕೋರ್ಟು. ಮೊದಲ ಸಲಕ್ಕೇ 5,000ದಿಂದ 20,000 ಬಾತ್ ದಂಡ, ಒಂದು ವರ್ಷದವರೆಗೆ ಜೈಲೂ ಆಗಬಹುದು. ಮಿತಿ 100 ಮಿಲಿ ರಕ್ತಕ್ಕೆ 50 ಮಿಲಿಗ್ರಾಂ. ಆದರೆ ಲೈಸೆನ್ಸ್ ಇಲ್ಲದವರಿಗೆ ಮತ್ತು 20 ವರ್ಷದೊಳಗಿನವರಿಗೆ ಅದು 20 ಮಿಲಿಗ್ರಾಂ. ಒಂದು ಬಿಯರ್ ತಾನೇ ಅಂತ ಹೊರಡಬೇಡಿ. ಏಪ್ರಿಲ್‌ನ ಸೊಂಗ್‌ಕ್ರಾನ್ ಹಬ್ಬ, ಹೊಸ ವರ್ಷ, ಈ ಎರಡು ವಾರಗಳಲ್ಲಿ ಎಲ್ಲ ಕಡೆ ತಪಾಸಣೆ ಇರುತ್ತದೆ.

ಈಗ ಲಂಚದ ವಿಷಯ. ಥಾಯ್ ಭಾಷೆಯಲ್ಲಿ ಇದಕ್ಕೆ ಖಾ ನಾಮ್ ಚಾ ಅನ್ನುತ್ತಾರೆ. ಚಹಾದ ದುಡ್ಡು ಅಂತ ಅರ್ಥ. ನಮ್ಮಲ್ಲಿ "ಕಾಫಿ ತಿಂಡಿಗೆ ಏನಾದ್ರೂ ಕೊಡಿ" ಅಂತಾರಲ್ಲ, ಅದೇ. ಬೇರೊಂದು ಬೀಚ್ ಊರಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಇಬ್ಬರು ನನ್ನನ್ನು ನಿಲ್ಲಿಸಿದರು. ಬೋರ್ಡಿಲ್ಲ, ಕೋನ್ ಇಲ್ಲ, ಮೇಜಿಲ್ಲ, ದೀಪವೂ ಇಲ್ಲ. ಅಷ್ಟೊತ್ತಿಗೆ ನನ್ನ ಹತ್ತಿರ ಎಲ್ಲ ಕಾಗದ ಇತ್ತು. ನೋಡಿದರು. ಆಮೇಲೆ ಇದು ಒನ್‌ವೇ, ತಪ್ಪು ದಾರಿಯಲ್ಲಿ ಬಂದಿದ್ದೀಯ ಅಂದರು. ಅದು ಒನ್‌ವೇ ಆಗಿರಲಿಲ್ಲ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ 3000 ಅಂತ ಒತ್ತಿ ತೋರಿಸಿದರು.

ನಾನು ಸ್ಕೂಟರ್ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದೆ. ಕೈ ಮುಗಿದು "ಖೋ ಥೋಟ್ ಖ್ರಪ್" ಅಂದೆ, ಕ್ಷಮಿಸಿ ಅಂತ. ಆಮೇಲೆ "ಬೈ ಸಂಗ್ ಕೊಡಿ" ಅಂದೆ. ದಂಡದ ಚೀಟಿಗೆ ಬೈ ಸಂಗ್ ಅನ್ನುತ್ತಾರೆ, ರಸೀದಿಗೆ ಬೈ ಸೆಟ್. ಚೀಟಿ ಕೊಟ್ಟರೆ ನಾಳೆ ಠಾಣೆಗೆ ಬಂದು ಕಟ್ಟುತ್ತೇನೆ, ಬೇಕಿದ್ದರೆ ಈಗಲೇ ಠಾಣೆಗೆ ಹೋಗೋಣ ಅಂತ ನಗುಮುಖದಲ್ಲೇ ಹೇಳಿದೆ. ಮೂರು ಸಾವಿರ ಸಾವಿರದೈನೂರಕ್ಕೆ ಇಳಿಯಿತು. ನಾನು ಅದೇ ಮಾತು ಮತ್ತೆ ಹೇಳಿದೆ. ಹತ್ತು ನಿಮಿಷ ಸುಮ್ನೆ ನಿಂತಿದ್ದೆವು. ಎದೆ ಹೊಡೆದುಕೊಳ್ಳುತ್ತಿತ್ತು, ಅದು ನಿಜ. ಕೊನೆಗೆ ಕಾಗದ ವಾಪಸ್ ಕೊಟ್ಟು ಹೋಗು ಅಂದರು.

ಇದು ಎಲ್ಲ ಸಲ ಹೀಗೇ ಮುಗಿಯುತ್ತದೆ ಅಂತ ನಾನು ಮಾತು ಕೊಡಲಾರೆ. ಒಬ್ಬರೇ ಇದ್ದು ಭಯ ಆದರೆ ಟೂರಿಸ್ಟ್ ಪೊಲೀಸ್ ನಂಬರ್ 1155ಕ್ಕೆ ಫೋನ್ ಮಾಡಿ, ಇಂಗ್ಲಿಷ್ ನಡೆಯುತ್ತದೆ. ಆದರೆ ನೀವಾಗಿ ಜೇಬಿನಿಂದ ನೋಟು ತೆಗೆಯಬೇಡಿ. "ಎಷ್ಟು ಕೊಟ್ಟು ಬಿಡಿಸಿಕೊಳ್ಳಬೇಕು" ಅಂತ ಕೇಳಿದ್ದೀರಿ. ಅದಕ್ಕೆ ನನ್ನ ಉತ್ತರ: ರಸೀದಿ ಇಲ್ಲದೆ ಒಂದು ಬಾತ್ ಕೂಡ ಬೇಡ. ಲಂಚ ಕೊಡುವುದು ಅಲ್ಲೂ ಅಪರಾಧವೇ. ನಾವು ಒಮ್ಮೆ ಕೊಟ್ಟರೆ ಮರುದಿನ ಬರುವ ಇನ್ನೊಬ್ಬ ಭಾರತೀಯನ ಹತ್ತಿರ ಅದೇ ರೇಟು ಕೇಳುತ್ತಾರೆ.

ಇದು ದೊಡ್ಡ ಸುದ್ದಿಯಾದದ್ದೂ ಉಂಟು. 2023ರ ಜನವರಿಯಲ್ಲಿ ತೈವಾನಿನ ಒಬ್ಬ ನಟಿ, ಬ್ಯಾಂಕಾಕ್‌ನಲ್ಲಿ ರಾತ್ರಿ ತಪಾಸಣೆ ಹೆಸರಲ್ಲಿ ಟ್ಯಾಕ್ಸಿ ನಿಲ್ಲಿಸಿದ ಪೊಲೀಸರು ತನ್ನಿಂದ 27,000 ಬಾತ್ ಕಿತ್ತುಕೊಂಡರು ಅಂತ ಹೇಳಿದರು. ಇ-ಸಿಗರೇಟ್ ಸಿಕ್ಕಿತು ಅನ್ನುವುದು ಅದರ ನೆಪ. ದೇಶವೆಲ್ಲ ಗದ್ದಲವಾಗಿ ಆ ಪೊಲೀಸರ ಮೇಲೆ ಕ್ರಮ ಆಯಿತು. ಅಂದ ಹಾಗೆ ಇ-ಸಿಗರೇಟ್ ಅಲ್ಲಿ ನಿಷಿದ್ಧ. ನಿಮ್ಮಲ್ಲಿ ಯಾರಾದರೂ ಸೇದುವವರಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ.

ಹಾಗಂತ ಜಗಳಕ್ಕೂ ಇಳಿಯಬೇಡಿ. 2024ರ ಮಾರ್ಚ್‌ನಲ್ಲಿ ಫುಕೆಟ್‌ನಲ್ಲಿ ನ್ಯೂಜಿಲೆಂಡಿನ ಇಬ್ಬರು ಅಣ್ಣತಮ್ಮಂದಿರನ್ನು ಬೈಕ್ ಓಡಿಸುವಾಗ ಒಬ್ಬ ಪೊಲೀಸ್ ನಿಲ್ಲಿಸಿದರು. ಅದು ಹೊಡೆದಾಟಕ್ಕೆ ಹೋಯಿತು, ಪೊಲೀಸರ ಪಿಸ್ತೂಲಿಗೆ ಕೈ ಹಾಕಿ ಗುಂಡೂ ಹಾರಿತು. ಇಬ್ಬರೂ ಜೈಲು ಸೇರಿದರು. ಒಂದು ಟ್ರಾಫಿಕ್ ದಂಡದಲ್ಲಿ ಮುಗಿಯಬೇಕಿದ್ದ ವಿಷಯ. ಥಾಯ್ ಜನ ಎಲ್ಲರ ಎದುರು ಕೂಗಾಡುವುದನ್ನು ಬಹಳ ಕೆಟ್ಟದಾಗಿ ನೋಡುತ್ತಾರೆ. ದನಿ ಏರಿಸಿದ ಕೂಡಲೇ ನಿಮ್ಮ ಕಡೆ ನ್ಯಾಯ ಇದ್ದರೂ ಕೇಳುವವರು ಇರಲ್ಲ.

ಈಗ ಆಸ್ಪತ್ರೆ ವಿಷಯಕ್ಕೆ ಬರುತ್ತೇನೆ. ನನ್ನನ್ನು ನೋಡಲು ಊರಿನಿಂದ ಒಬ್ಬ ಗೆಳೆಯ ಬಂದಿದ್ದ. ಅವನ ಹತ್ತಿರ ಐಡಿಪಿ ಇತ್ತು, ಆದರೆ ಕಾರಿಗೆ ಮಾತ್ರ. ಡಿಎಲ್‌ನಲ್ಲಿ ಎಲ್‌ಎಂವಿ, ಅಂದರೆ ಕಾರಿನ ವರ್ಗ ಒಂದೇ ಇದ್ದದ್ದರಿಂದ ಐಡಿಪಿಗೂ ಅಷ್ಟೇ ಬಂದಿತ್ತು. ಊರಲ್ಲಿ ಹದಿನೈದು ವರ್ಷದಿಂದ ಬೈಕ್ ಓಡಿಸುತ್ತಿದ್ದ, ಯಾರೂ ಕೇಳಿರಲಿಲ್ಲ. ಬಂದ ಎರಡನೇ ದಿನ ಪೊಲೀಸರು ಹಿಡಿದು 500 ಬಾತ್ ಹಾಕಿದರು. ಬಾಡಿಗೆ ಅಂಗಡಿಯವರು "ಆ ರಸೀದಿ ಇಟ್ಕೊಳ್ಳಿ, ಮೂರು ದಿನ ಯಾರೂ ಮತ್ತೆ ಹಿಡಿಯಲ್ಲ" ಅಂದರು. ಈ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಅವನಿಗೆ ಧೈರ್ಯ ಬಂತು. ಮರುದಿನ ಪಾಯ್ ಅನ್ನೋ ಊರಿಗೆ ಹೊರಟ.

ಚಿಯಾಂಗ್ ಮಾಯ್‌ನಿಂದ ಪಾಯ್‌ಗೆ 1095 ನಂಬರಿನ ರಸ್ತೆ. 762 ತಿರುವುಗಳಿವೆ ಅಂತ ಹೆಸರುವಾಸಿ, ಟೀ ಶರ್ಟ್ ಮೇಲೂ ಆ ನಂಬರ್ ಅಚ್ಚು ಹಾಕಿ ಮಾರುತ್ತಾರೆ. ನಮ್ಮ ಚಾರ್ಮಾಡಿ ಘಾಟಿ ನೋಡಿದವರಿಗೆ ತಿರುವು ಹೊಸದೇನಲ್ಲ. ಆದರೆ ಒಂದು ತಿರುವಿನಲ್ಲಿ ಮರಳು ಇತ್ತು, ಸ್ಕೂಟರ್ ಜಾರಿತು. ಕಾಲರ್ ಬೋನ್ ಮುರಿಯಿತು, ಮೊಣಕೈ ಚರ್ಮ ಕಿತ್ತು ಬಂದಿತ್ತು. ನಾನು ಆಸ್ಪತ್ರೆಗೆ ಹೋದಾಗ ಅವನು ಎಡಗೈಯಲ್ಲಿ ಇನ್ಶೂರೆನ್ಸ್ ಫಾರ್ಮ್ ತುಂಬಲು ಒದ್ದಾಡುತ್ತಿದ್ದ. ನಾನು ಪೆನ್ ತಗೊಂಡು ತುಂಬಿದೆ. ಅದರಲ್ಲಿ ಒಂದು ಸಾಲು ಇತ್ತು: ಓಡಿಸುತ್ತಿದ್ದ ವಾಹನದ ವರ್ಗಕ್ಕೆ ಸರಿಯಾದ ಲೈಸೆನ್ಸ್ ಇತ್ತೇ? ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಆಪರೇಷನ್ ಸೇರಿ ಬಿಲ್ 1,80,000 ಬಾತ್ ಆಯಿತು. ಟ್ರಾವೆಲ್ ಇನ್ಶೂರೆನ್ಸ್‌ನವರು ಕ್ಲೇಮ್ ತಿರಸ್ಕರಿಸಿದರು. ಸ್ಕೂಟರಿಗೆ ಕಾನೂನು ಪ್ರಕಾರ ಇರಲೇಬೇಕಾದ ವಿಮೆ ಒಂದಿದೆ, ಪೋರೋಬೋ ಅನ್ನುತ್ತಾರೆ. ತಾನಾಗಿ ಬಿದ್ದವರಿಗೆ ಅದರಿಂದ ಚಿಕಿತ್ಸೆಗೆ ಸಿಗುವುದು 30,000 ಬಾತ್ ತನಕ. ಅದು ಸಿಕ್ಕಿತು. ಉಳಿದದ್ದಕ್ಕೆ ಅವನ ಅಪ್ಪ ಅಡಿಕೆ ಮಾರಿದ ದುಡ್ಡು ಕಳಿಸಿದರು. ಆ 500 ಬಾತ್ ರಸೀದಿ ಅವನ ಪ್ಯಾಂಟ್ ಜೇಬಲ್ಲೇ ಇತ್ತು. ಅದು ದಂಡ ಕಟ್ಟಿದ್ದಕ್ಕೆ ಸಾಕ್ಷಿ, ಓಡಿಸಲು ಅನುಮತಿ ಅಲ್ಲ. ಇನ್ನೂ ಹೇಳಬೇಕೆಂದರೆ, ಅವನ ಹತ್ತಿರ ಬೈಕ್ ಲೈಸೆನ್ಸ್ ಇಲ್ಲ ಅನ್ನುವುದಕ್ಕೆ ಅದೇ ಲಿಖಿತ ಪುರಾವೆ ಆಗಿತ್ತು.

ಅವನು ಬದುಕಿದ, ಅದು ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ವರದಿ ಪ್ರಕಾರ ಥಾಯ್ಲೆಂಡ್‌ನಲ್ಲಿ ಲಕ್ಷ ಜನಕ್ಕೆ 32.7 ಮಂದಿ ರಸ್ತೆಯಲ್ಲಿ ಸಾಯುತ್ತಿದ್ದರು. ಅದರಲ್ಲಿ ಮುಕ್ಕಾಲು ಪಾಲು ಎರಡು, ಮೂರು ಚಕ್ರದ ಗಾಡಿಯವರು. ರಸ್ತೆ ನುಣ್ಣಗಿದೆ, ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ, ಅಂತ ನಮ್ಮವರು ಬೇಗ ಮೈಮರೆಯುತ್ತಾರೆ.

ಐಡಿಪಿ ಮಾಡಿಸುವುದು ಕಷ್ಟವಿಲ್ಲ. ಪರಿವಾಹನ್ ಸೈಟಿನಲ್ಲಿ ಅರ್ಜಿ ಹಾಕಿ, ನಿಮ್ಮ ಆರ್‌ಟಿಒಗೆ ಹೋಗಿ. ಫೀಸು 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಪಾಸ್‌ಪೋರ್ಟ್, ಡಿಎಲ್, ಟಿಕೆಟ್ ಪ್ರತಿ ಜೊತೆಗಿರಲಿ. ಇದನ್ನು ಭಾರತ ಬಿಡುವ ಮೊದಲೇ ಮಾಡಿಸಿ. ಭಾರತವೂ ಥಾಯ್ಲೆಂಡೂ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಸೇರಿವೆ, ಅದಕ್ಕೇ ನಮ್ಮ ಐಡಿಪಿ ಅಲ್ಲಿ ಸಲ್ಲುತ್ತದೆ. ಅಂತರ್ಜಾಲದಲ್ಲಿ ಐವತ್ತು ಡಾಲರಿಗೆ "ಇಂಟರ್‌ನ್ಯಾಷನಲ್ ಲೈಸೆನ್ಸ್" ಮಾರುವ ಖಾಸಗಿ ಸೈಟುಗಳ ಕಾಗದ ಬರೀ ಕಾಗದ. ಐಡಿಪಿ ಒಂದನ್ನೇ ಹಿಡಿದು ಹೋಗಬೇಡಿ, ಮೂಲ ಡಿಎಲ್ ಜೊತೆಗೇ ಇರಬೇಕು. ಪಾಸ್‌ಪೋರ್ಟ್ ಮಾತ್ರ ಬಾಡಿಗೆ ಅಂಗಡಿಗೆ ಒತ್ತೆ ಕೊಡಬೇಡಿ. ನಗದು ಡಿಪಾಸಿಟ್ ತಗೊಳ್ಳುವ ಅಂಗಡಿ ಹುಡುಕಿ. ಗಾಡಿ ತಗೊಳ್ಳುವಾಗ ಗೀರುಗಳ ವಿಡಿಯೋ ಮಾಡಿಕೊಳ್ಳಿ.

ನಾನು ದಂಡ ಕಟ್ಟಿದ ಮೇಲೆ ಅಲ್ಲಿನ ಲೈಸೆನ್ಸೇ ಮಾಡಿಸಿದೆ, ದೀರ್ಘಕಾಲ ಇರುವವರಿಗೆ ಅದೇ ಒಳ್ಳೆಯದು. ಮೊದಲ ಎರಡು ವರ್ಷದ ಬೈಕ್ ಲೈಸೆನ್ಸಿಗೆ 105 ಬಾತ್. ಬಣ್ಣ ಗುರುತಿಸಬೇಕು, ಬ್ರೇಕ್ ಎಷ್ಟು ಬೇಗ ಒತ್ತುತ್ತೀರಿ ನೋಡುತ್ತಾರೆ. ಒಂದು ಡಬ್ಬದೊಳಗೆ ಎರಡು ಕಡ್ಡಿ ಇರುತ್ತವೆ. ಗುಂಡಿ ಒತ್ತಿ ಅವೆರಡನ್ನೂ ಒಂದೇ ಸಾಲಿಗೆ ತರಬೇಕು, ದೂರದ ಅಂದಾಜು ಇದೆಯಾ ಅಂತ. ಆಮೇಲೆ ನಿಲ್ಲಿಸಿದಾಗಲೆಲ್ಲ "ಬೈ ಖಪ್ ಖೀ", ಅಂದರೆ ಲೈಸೆನ್ಸ್, ಅಂತ ಆ ಕಾರ್ಡ್ ತೋರಿಸುತ್ತಿದ್ದೆ. ಅರ್ಧ ನಿಮಿಷದ ಕೆಲಸ.

ನಿಮ್ಮ ವಿಷಯಕ್ಕೆ ಬರೋಣ. ಇವತ್ತೇ ಮೂವರೂ ಡಿಎಲ್ ತಿರುಗಿಸಿ ನೋಡಿ. ಎಂಸಿಡಬ್ಲ್ಯೂಜಿ, ಅಂದರೆ ಗೇರ್ ಇರುವ ಬೈಕಿನ ವರ್ಗ, ಅಂತ ಇದೆಯಾ? ಇದ್ದವರು ಐಡಿಪಿ ಮಾಡಿಸಿ, ಕೈಗೆ ಬಂದ ಕೂಡಲೇ ಅದರಲ್ಲಿ ಬೈಕಿನ 'ಎ' ವರ್ಗ ಗುರುತಾಗಿದೆಯಾ ಅಂತ ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಿ. ಬರೀ ಎಲ್‌ಎಂವಿ ಇರುವವರು ಅಲ್ಲಿ ಗ್ರಾಬ್, ಬೋಲ್ಟ್ ಅನ್ನೋ ಟ್ಯಾಕ್ಸಿ ಆ್ಯಪ್ ಬಳಸಿ. ಚಿಯಾಂಗ್ ಮಾಯ್‌ನಲ್ಲಾದರೆ ಸಾಂಗ್‌ತೆವ್ ಅನ್ನೋ ಕೆಂಪು ಗಾಡಿಗಳು ಕೈ ತೋರಿಸಿದ ಕಡೆ ನಿಲ್ಲುತ್ತವೆ. ಪಾಯ್‌ಗೆ ಮಿನಿ ವ್ಯಾನ್ ಇದೆ. ನನ್ನ ಗೆಳೆಯ ಈ ಸಲ ಹೆಂಡತಿ ಮಕ್ಕಳ ಜೊತೆ ಹೋದಾಗ ಅದರಲ್ಲೇ ಹೋಗಿ ಬಂದ.