ರೀಬೋರ್ ಆದ ಯೆಜ್ಡಿ ಮತ್ತೆ ಮತ್ತೆ ಜಾಮ್ ಆಗುವುದೇಕೆ?

ಪ್ರಶ್ನೆ: ನನ್ನದು 1984ರ ಯೆಜ್ಡಿ. ಮನೆಯಲ್ಲೇ ಎಂಜಿನ್ ಬಿಚ್ಚಿ, ಸಿಲಿಂಡರ್ ಬೋರ್ ಮಾಡಿಸಿ (ಕೊರೆದು ಅಗಲ ಮಾಡಿಸಿ) ಹೊಸ ಪಿಸ್ಟನ್ ಹಾಕಿದೆ. ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಎರಡು ಸಲ ಪಿಸ್ಟನ್ ಜಾಮ್ ಆಯಿತು. ಪೆಟ್ರೋಲಿಗೆ ಆಯಿಲ್ ಜಾಸ್ತಿ ಹಾಕಿ ಅನ್ನುತ್ತಾರೆ ಮೆಕ್ಯಾನಿಕ್. ಏನು ಮಾಡಲಿ?

ಉತ್ತರ: ಮೊದಲು ಗಾಡಿ ಓಡಿಸುವುದು ನಿಲ್ಲಿಸಿ. ಜಾಮ್ ಆದಾಗ ಹಿಂದಿನ ಚಕ್ರವೂ ಹಿಡಿದುಕೊಳ್ಳುತ್ತದೆ, ಬೀಳುವವರು ನೀವು.

ಇಂಥ ಪತ್ರ ಬರುತ್ತಲೇ ಇರುತ್ತವೆ. ಎಲ್ಲದರಲ್ಲೂ ಪಿಸ್ಟನ್ ಬಗ್ಗೆ ಪುರಾಣ, ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಎರಡೂ ಬದಿ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಬಗ್ಗೆ ಒಂದಕ್ಷರ ಇಲ್ಲ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದು 1996ರಲ್ಲಿ. ಆ ಕಾಲದ ರಬ್ಬರ್ ಸೀಲ್ ಇನ್ನೂ ಮೆತ್ತಗಿರುತ್ತದೆಯೇ?

ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸೇ (ಪಿಸ್ಟನ್ ಕೆಳಗಿನ ಮುಚ್ಚಿದ ಕೋಣೆ) ಪಂಪು. ಪಿಸ್ಟನ್ ಮೇಲೇರುವಾಗ ಕಾರ್ಬುರೇಟರಿನಿಂದ ಪೆಟ್ರೋಲ್-ಗಾಳಿ ಮಿಶ್ರಣ ಎಳೆದುಕೊಳ್ಳುತ್ತದೆ, ಇಳಿಯುವಾಗ ಮೇಲಕ್ಕೆ ತಳ್ಳುತ್ತದೆ. ಬಲಗಡೆ, ಡೈನಮೋ ಹಿಂದಿನ ಸೀಲ್ ಹೋದರೆ ಬರೀ ಗಾಳಿ ಒಳನುಗ್ಗಿ ಮಿಶ್ರಣ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗುತ್ತದೆ, ರೇಸ್ ಇಳಿಯದು, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಎಡಗಡೆ ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಹೀರಿಕೊಂಡು ಬಿಳಿ ಹೊಗೆ ಕಾರುತ್ತದೆ. ನಿಮ್ಮದು ಬಹುತೇಕ ಬಲಗಡೆಯದೇ; ಕಾರ್ಬುರೇಟರ್ ಫ್ಲಾಂಜ್‌ನ ಗ್ಯಾಸ್ಕೆಟ್ಟನ್ನೂ ನೋಡಿ.

ಆಯಿಲ್ ಜಾಸ್ತಿ ಮಾಡಿ ಅನ್ನುವುದು ಶುದ್ಧ ತಪ್ಪು. ಕಾರ್ಬುರೇಟರಿನ ಸಣ್ಣ ತೂತು, ಅಂದರೆ ಜೆಟ್‌ನಲ್ಲಿ ಇಳಿಯುವುದು ಅಷ್ಟೇ ದ್ರವ. ಅದರಲ್ಲಿ ಆಯಿಲ್ ಪಾಲು ಏರಿದರೆ ಪೆಟ್ರೋಲ್ ಪಾಲು ಇಳಿದು ಇನ್ನಷ್ಟು ಲೀನ್ ಆಗುತ್ತದೆ. ಒಳ್ಳೆಯ 2ಟಿ (ಟೂ ಸ್ಟ್ರೋಕ್) ಆಯಿಲ್ ಲೀಟರ್ ಪೆಟ್ರೋಲಿಗೆ 40 ಎಂ.ಎಲ್., ಹೊಸ ಪಿಸ್ಟನ್ ಪಳಗುವವರೆಗೆ 50. ಸಾಕು.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಕಾರ್ಬುರೇಟರ್ ಬಾಯಿ, ಎರಡೂ ಸೈಲೆನ್ಸರ್ ಬಾಯಿಗಳಿಗೆ ರಬ್ಬರ್ ಹಾಳೆ ಇಟ್ಟು ಪ್ಲೇಟ್ ಬಿಗಿಯಿರಿ. ಪಿಸ್ಟನ್ ಕೆಳಗಿರಲಿ. ಹಳೇ ಪ್ಲಗ್ಗಿನ ಒಳಗನ್ನು ತೆಗೆದು ಅದಕ್ಕೆ ಬಿ.ಪಿ. ನೋಡುವ ಉಪಕರಣದ ಬಲ್ಬು, ಡಯಲ್ ಜೋಡಿಸಿ, ಮುಳ್ಳು 250ಕ್ಕೆ ಬರುವವರೆಗೆ ಒತ್ತಿ. ಐದು ನಿಮಿಷ ಮುಳ್ಳು ಹೆಚ್ಚುಕಮ್ಮಿ ಅಲ್ಲೇ ನಿಲ್ಲಬೇಕು. ಇಳಿದರೆ ಡೈನಮೋ ಬಿಚ್ಚಿ ಸೀಲ್ ಸುತ್ತ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವ ಕಡೆಯೇ ಸೋರಿಕೆ. ಓಡುವ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುವವರಿದ್ದಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಆ ಕೆಲಸ ಬೇಡವೇ ಬೇಡ, ಬೆಂಕಿ ಹತ್ತುತ್ತದೆ.

ಸೀಲ್ ಎರಡನ್ನೂ ಬದಲಿಸಿ. ವರ್ಷಗಟ್ಟಲೆ ಕಪಾಟಿನಲ್ಲಿದ್ದ "ಒರಿಜಿನಲ್" ಬೇಡ, ಅದರ ತುಟಿಯೂ ಗಟ್ಟಿಯಾಗಿರುತ್ತದೆ. ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಸವೆದಿದೆ. ಬೇರಿಂಗ್ ಆಡುತ್ತಿದ್ದರೆ ಹೊಸ ಸೀಲೂ ಬಾಳುವುದಿಲ್ಲ.

ಬಿಚ್ಚಿದ ಪಿಸ್ಟನ್ ಎಸೆಯಬೇಡಿ. ಗೀರು ಸೈಲೆನ್ಸರ್ ಬದಿಯಲ್ಲೇ ಇದ್ದರೆ ಲೀನ್ ಆಗಿ ಕಾದದ್ದು. ನಾಲ್ಕು ಮೂಲೆಯಲ್ಲೂ ಇದ್ದರೆ ಬೋರ್ ಬಿಗಿಯಾಗಿದೆ. ಲೇತ್‌ನವರ ಕೈಗೆ ಪಿಸ್ಟನ್ನನ್ನೇ ಕೊಟ್ಟು ಅದರ ಅಳತೆಗೆ ಬೋರ್ ಮಾಡಿಸಬೇಕಿತ್ತು.

ಪ್ರಶ್ನೆ: ಟ್ಯಾಂಕಿಗೆ ನುಸಿಗುಳಿಗೆ ಹಾಕಿದರೆ ಪಿಕಪ್ ಬರುತ್ತದೆಯಂತೆ?

ಉತ್ತರ: ಬರುವುದಿಲ್ಲ. ಪೆಟ್ರೋಲ್ ಆರಿದ ಮೇಲೆ ಹರಳುಗಟ್ಟಿ ಜೆಟ್ ಮುಚ್ಚುತ್ತದೆ.

ಪ್ರಶ್ನೆ: ಪೆಟ್ರೋಲ್‌ಗೆ ಫೋರ್ ಸ್ಟ್ರೋಕ್ ಆಯಿಲ್ ಬೆರೆಸಬಹುದೇ?

ಉತ್ತರ: ಬೇಡ. ಬೂದಿ ಕಟ್ಟಿ ಪ್ಲಗ್ ಹಾಳಾಗುತ್ತದೆ.

ಪ್ರಶ್ನೆ: ಸೈಲೆನ್ಸರ್ ಒಳಗಿನ, ಸದ್ದು ತಗ್ಗಿಸುವ ಬ್ಯಾಫಲ್ ತೆಗೆದರೆ ಶಕ್ತಿ ಹೆಚ್ಚುತ್ತದೆಯೇ?

ಉತ್ತರ: ಸದ್ದು ಹೆಚ್ಚುತ್ತದೆ. ಟೂ ಸ್ಟ್ರೋಕ್‌ನಲ್ಲಿ ಹೊರಗೋಡುವ ಹೊಸ ಮಿಶ್ರಣವನ್ನು ಸೈಲೆನ್ಸರ್‌ನಿಂದ ಮರಳುವ ಒತ್ತಡವೇ ತಡೆದು ನಿಲ್ಲಿಸುವುದು. ತೆಗೆದಿದ್ದರೆ ಇವತ್ತೇ ವಾಪಸ್ ಹಾಕಿ.