ಮಂಡಕ್ಕಿ ಭಟ್ಟಿಯ ಒಲೆಗೆ ಪೇಟೆಂಟ್ ಸಿಗುತ್ತದೆಯೇ?

ದಾವಣಗೆರೆಯ ಮಂಡಕ್ಕಿ ಭಟ್ಟಿಗೆಂದು ಹೊಗೆ ತಗ್ಗಿಸುವ ಒಲೆ ಕಟ್ಟಿದ್ದೀರಿ. ಪೇಟೆಂಟ್ ಸಿಗುತ್ತದೆಯೇ, ಅದಕ್ಕೂ ಮೊದಲು ವಿಡಿಯೊ ಹಾಕಬಹುದೇ ಎಂದು ಕೇಳಿದ್ದೀರಿ. ವಿಡಿಯೊ ಖಂಡಿತ ಹಾಕಬೇಡಿ. ಅರ್ಜಿಗೆ ಮುನ್ನ ಜಗಜ್ಜಾಹೀರಾದದ್ದನ್ನು ಕಾನೂನು ಸಾಮಾನ್ಯವಾಗಿ ಹೊಸದೆಂದು ಒಪ್ಪುವುದಿಲ್ಲ.

ನಿಜವಾದ ತೊಡಕು ಬೇರೆ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್) ಪ್ರಕಾರ, ಗೊತ್ತಿರುವ ಸಾಧನಗಳನ್ನು ಬರಿದೇ ಜೋಡಿಸಿದ್ದು, ಪ್ರತಿಯೊಂದೂ ತನ್ನ ಪಾಡಿಗೆ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ. ಫ್ಯಾನು, ಚಿಮಣಿ ಕೂಡಿಸಿದ್ದೇನೆ ಎಂದಷ್ಟೇ ಬರೆದರೆ ಅರ್ಜಿ ನಿಲ್ಲುವುದಿಲ್ಲ. ಹೊಟ್ಟಿನ ಹೊಗೆ ಯಾವ ತಿರುವಿನಲ್ಲಿ ಬಿಸಿಗಾಳಿ ಸಿಕ್ಕಿ ಮತ್ತೆ ಉರಿಯುತ್ತದೆ, ಮರಳಿನ ಬಾಣಲೆಗೆ ಅದರ ಕಾವು ಹೇಗೆ ತಲುಪುತ್ತದೆ ಎಂಬುದನ್ನು ಅಳತೆ, ನಕ್ಷೆ ಸಮೇತ ಬರೆಯಿರಿ.

ಚೀನಾದಲ್ಲಿ ಇಂಥ ಸಣ್ಣ ಸುಧಾರಣೆಗಳಿಗೆಂದೇ ‘ಯುಟಿಲಿಟಿ ಮಾಡೆಲ್’ ಎಂಬ 10 ವರ್ಷಗಳ ಹಕ್ಕು ಇದೆ. ಭಾರತದಲ್ಲಿಲ್ಲ. 2023ರಲ್ಲಿ ಇಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ದೇಶದೊಳಗಿನವರವೇ ಎಂಬುದು ಸಂತೋಷದ ಸಂಗತಿ. ಆದರೆ ಭಟ್ಟಿ, ವರ್ಕ್‌ಶಾಪುಗಳ ಕಸುಬುದಾರರಿಗೆ ಒಗ್ಗುವಂಥ ಹಕ್ಕು ನಮಗೂ ಬೇಕೇ ಬೇಕು.

ಸದ್ಯ ತಾತ್ಕಾಲಿಕ ವಿವರಣೆಯೊಂದಿಗೆ ಚೆನ್ನೈ ಪೇಟೆಂಟ್ ಕಚೇರಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳ ಅವಕಾಶವಿದೆ. ವ್ಯಕ್ತಿಗಳಿಗೆ ಶುಲ್ಕ ದೊಡ್ಡ ಕಂಪನಿಗಳಿಗಿಂತ ಬಹಳ ಕಡಿಮೆ. ವಿನ್ಯಾಸದಲ್ಲಿ ನಿಮ್ಮ ವೆಲ್ಡರ್‌ ಅವರ ಯೋಚನೆಯೂ ಸೇರಿದ್ದರೆ, ಆವಿಷ್ಕಾರಕರ ಸಾಲಿನಲ್ಲಿ ಅವರ ಹೆಸರನ್ನೂ ತಪ್ಪದೆ ಬರೆಯಿರಿ.